ಎಡಬಾಜು

ದುಧನಿಯ ಅಡತಿ ಅಂಗಡಿಯ ಮಾಳಿಗೆ ಮೇಲೆ
ನನ್ನ ದವಾಖಾನೆ.
ಕೆಳಗೆ ತೊಗರಿ ತೂಗುತ್ತಾರೆ, ಮೇಲೆ ನಾನು ಹಲ್ಲು.
ಅವರಿಗೆ ಅರ್ಧ ಕಿಲೋ ಆಚೀಚೆಯಾದರೆ
ಒಂದು ಬೈಗುಳ, ಒಂದು ಚಹಾ, ಮುಗಿಯಿತು.
ನನಗೆ ಬೇಕಾದದ್ದು ಕೂದಲಿನ ದಪ್ಪದ ಕಾಲುಭಾಗ:
ಒಂದು ವರ್ಷದ ರೊಟ್ಟಿ, ಶೇಂಗಾ ಹಿಂಡಿ,
ನಿದ್ದೆಯಲ್ಲಿ ಕಡಿದ ಸಿಟ್ಟು
ಎಲ್ಲ ಸೇರಿ
ಹಲ್ಲಿಗೆ ತುಂಬಿದ ರಾಳದಿಂದ ತಿಂದದ್ದೆಷ್ಟು.

ಕಣ್ಣಿಗೆ ಕಾಣದು. ನಾಲಿಗೆಗೆ ಗೊತ್ತಾಗುತ್ತದೆ,
ನಾಲಿಗೆ ಅಂಕಿ ಹೇಳುವುದಿಲ್ಲ.
ಅದಕ್ಕೇ ವರ್ಷಕ್ಕೊಮ್ಮೆ ಗುಲಾಬಿ ಮುದ್ದೆ ಕಚ್ಚಿಸಿ
ಅಚ್ಚಿನೊಳಗೆ ಹಳದಿ ಗಚ್ಚು ಸುರಿದು
ಗುಳ್ಳೆ ನಿಲ್ಲದಂತೆ ತಟ್ಟಿ ತಟ್ಟಿ
ಬಳೆಯ ಡಬ್ಬಿಯಲ್ಲಿ ಅರಳೆ ಹಾಸಿ
ಸೊಲ್ಲಾಪುರದ ಬಸ್ಸಿಗೆ ಕೊಡುತ್ತೇನೆ.
ಅಲ್ಲಿಯ ಯಂತ್ರ ಹೋದ ವರ್ಷದ ಹಲ್ಲಿನ ಮೇಲೆ
ಈ ವರ್ಷದ ಹಲ್ಲನ್ನು ಕೂಡಿಸಿ
ತಗ್ಗಿಗೆ ನೀಲಿ, ದಿಬ್ಬಕ್ಕೆ ಕೆಂಪು ಬಳಿಯುತ್ತದೆ,
ಬದಲಾಗದ್ದನ್ನು ಬಿಳಿ ಬಿಡುತ್ತದೆ.

ಬಳಿಯುವ ಮೊದಲು ಕೇಳುತ್ತದೆ:
ಎಂದೂ ಬದಲಾಗದ ಮೂರು ಬಿಂದು ತೋರಿಸಿ.

ಎಲ್ಲಿಂದ ತರಲಿ?
ಬಾಯೊಳಗೆ ಎಲ್ಲವೂ ಒಂದನ್ನೊಂದು ತಿನ್ನುತ್ತವೆ.
ತುಂಬಿದ್ದರ ಜೊತೆ ಅಂಚಿನ ಹಲ್ಲೂ ಇಳಿದರೆ
ಯಾರು ಇಳಿದರೆಂದು ಯಾರು ಹೇಳಬೇಕು?
ಅಡತಿಯ ಗುರುಶಾಂತ ಕಲಶೆಟ್ಟಿಯನ್ನು ಕೇಳಿದೆ.
ನಕ್ಕು, ಐದು ಕಿಲೋದ ಕಲ್ಲು ಬೋರಲು ಹಾಕಿದ.
ತಳದ ಕುಳಿಯಲ್ಲಿ ಸೀಸ, ಸೀಸದ ಮೇಲೆ ಸರಕಾರದ ಮುದ್ರೆ.
"ಕಬ್ಬಿಣಾನೂ ಸವೀತದ ಡಾಕ್ಟರಬಾಯಿ,
ಆಗಾಗ ಸೀಸಾ ತುಂಬಿಸ್ಬೇಕಾಗ್ತದ."
ಅಂದರೆ ಅವನ ಕಲ್ಲಿಗೂ ಫಿಲ್ಲಿಂಗು.

ಮೂವತ್ತೊಂದು ಬಾಯಿಗಳಲ್ಲಿ ಹನ್ನೊಂದು ಕಳೆದುಹೋದವು.
ಮೂರು ಕಬ್ಬು ಕಡಿಯಲು ಪಂಢರಪುರದ ಕಡೆಗೆ,
ಒಂದು ಮದುವೆಯಾಗಿ ಆಳಂದಕ್ಕೆ,
ಒಬ್ಬ ಮುದುಕ ಹಲ್ಲನ್ನೇ ಕೀಳಿಸಿಕೊಂಡು ಬಂದು
"ಈಗ ಅಳೀರಿ" ಎಂದು ಅಂಗೈಯಲ್ಲಿಟ್ಟ.
ಮಿಕ್ಕವರು ಯಾಕೆಂದು ಹೇಳಲಿಲ್ಲ.
ಉಳಿದವೆಲ್ಲ ನೀಲಿ: ಹದಿನೆಂಟು, ಇಪ್ಪತ್ತಾರು, ಒಂದು ಐವತ್ತು
(ಅವನು ತಂಬಾಕಿಗೆ ಸುಣ್ಣ ಜಾಸ್ತಿ ತಿಕ್ಕುತ್ತಾನೆ).
ಭೌರವ್ವ ಮ್ಹೇತ್ರೆಯದು ಮಾತ್ರ ಬಿಳಿ.
ಎಡಬಾಜು, ಕೆಳದವಡೆ, ಮೊದಲ ದೊಡ್ಡ ಹಲ್ಲು.
ಒಂದನೆಯ ವರ್ಷ ಸೊನ್ನೆ. ಎರಡನೆಯದು ಸೊನ್ನೆ.
ಮೂರಕ್ಕೂ ಸೊನ್ನೆ.

ಗಚ್ಚನ್ನು ಶಂಕಿಸಿದೆ. ನೀರಿನ ಅಳತೆಯನ್ನು,
ಬಸ್ಸಿನ ಬಿಸಿಲನ್ನು, ಕಂಡಕ್ಟರನನ್ನು.
ಒಂದೇ ದಿನ ಒಂದೇ ಹಲ್ಲಿನ ಐದು ಅಚ್ಚು ತೆಗೆದು
ಒಂದಕ್ಕೊಂದು ಹೋಲಿಸಿದೆ;
ನನ್ನ ಕೈತಪ್ಪು ಎಂಟು ದಾಟಲಿಲ್ಲ.
ಬೇಸಿಗೆಯ ಒಂದು ರಾತ್ರಿ
ಈ ರಾಳಕ್ಕೆ ಸವೆತವೇ ಇಲ್ಲವೆಂದು ನಂಬಿ
ಖುಷಿಪಟ್ಟೆ ಕೂಡ.

ನಾಲ್ಕನೆಯ ವರ್ಷ ಆಕೆ ಬಂದದ್ದು
ಬಲಗೆನ್ನೆ ಹಿಡಿದುಕೊಂಡು.
ಆ ಬದಿಯ ಎರಡು ಹಲ್ಲು
ಹಳೆಯ ಹೊಸ್ತಿಲಿನಂತೆ ನಡುವೆ ತಗ್ಗು.
ಯಾಕವ್ವಾ ಎಂದೆ.
ಆಕೆ ಕೆಳಗೆ ತೊಗರಿಯ ಕಸ ಆರಿಸುವವಳು,
ಚೀಲ ಕಮ್ಮಿ ಬಂದರೆ
ಯಾರ ಪಗಾರ ಮುರಿಯುತ್ತಾರೆಂದು ಬಲ್ಲವಳು.
ಸೆರಗಿನಿಂದ ಬಾಯೊರೆಸಿ, ದನಿ ತಗ್ಗಿಸಿ:
"ವರ್ಷಾ ವರ್ಷಾ ಅಳತಿ ತಗೋತೀರಿ. ಕಮ್ಮಿ ಬಂದ್ರ
ಮ್ಯಾಲಿನವ್ರು ನಿಮಗ ಬೈದಾರಂತ
ಆ ಬಾಜು ನಾ ನುರಸೇ ಇಲ್ರಿ.
ಹಂಗೇ ಇಟ್ಟೀನಿ ನೋಡ್ರಿ, ನಿಮ್ಮ ಸಾಮಾನ."

ಹಾಳೆಯಲ್ಲಿ ಒಂದು ಖಾನೆ ಖಾಲಿ ಇತ್ತು.
ಪೆನ್ನಿನ ಮುಚ್ಚಳ ತೆಗೆದೆ, ಹಾಕಿದೆ.
ಆಕೆಯ ಬುತ್ತಿಯಲ್ಲಿ ಎಳ್ಳು ಹಚ್ಚಿದ ಕಡಕ್ ರೊಟ್ಟಿ.
ಒಂದು ಚೂರು ಮುರಿದು ಕೊಟ್ಟೆ.
ಎಡಕ್ಕೆ, ಎಂದೆ.
ಬ್ಯಾಡ್ರಿ, ಎಂದಳು.
ಎಡಕ್ಕೇ ಭೌರವ್ವಾ, ಯಾರೂ ಬೈಯುವುದಿಲ್ಲ.

ಬಾಗಿಲ ಕಡೆಗೊಮ್ಮೆ ನೋಡಿ
ಕಟ್ಟೆಂದು ಕಡಿದಳು.
ಕೆಳಗೆ ಹೊಸ ರಾಶಿಗೆ ತಕ್ಕಡಿ ಎತ್ತಿದರು.
ಲಾಭ, ಎಂದರು.